ಕೋಟೆಗೆ ಲಗ್ಗೆಯಿಟ್ಟ ನಮ್ಮತ್ತೆ

ಸ್ನೇಹಿತರೇ, ಅಮೆರಿಕದ ಸ್ಯಾನ್ ಹೊಸೆಯಿಂದ ಯುರೋಪಿಗೆ ರಜೆಗೆ ಬಂದ ನಾವು ಇವತ್ತು ಆಲ್ಪ್ಸ್ ಬೆಟ್ಟದ ಹಳೆಯ ಕೋಟೆಯೊಂದನ್ನು ಹತ್ತಿದೆವು. ಮಂಡಿನೋವಿನ ಅತ್ತೆ ಕೆಳಗಿನ ಹಳ್ಳಿಯ ಬೇಕರಿಯಲ್ಲೇ ಕುಳಿತರು.

ಮೇಲೆ ಗೈಡು ಎದೆಯುಬ್ಬಿಸಿ, "ಯಾವ ಶತ್ರುವೂ ನಮ್ಮ ಕಣ್ಣು ತಪ್ಪಿಸಿ ಒಳಗೆ ಬಂದಿಲ್ಲ" ಎನ್ನುತ್ತಿದ್ದ. ಅಷ್ಟರಲ್ಲಿ ಅವನ ಬೆನ್ನ ಹಿಂದಿನ ಪುಟ್ಟ ಬಾಗಿಲು ತೆರೆದು ಅತ್ತೆ ಹೊರಬಂದರು!

"ಅತ್ತೆ, ನೀವ್ ಹೇಗ್ ಬಂದ್ರಿ?"

"ಬೇಕರಿಯವಳು ಈ ಕೋಟೆಯೊಳಗಿನ ಹೋಟೆಲಿಗೆ ಬ್ರೆಡ್ ಕೊಡೋಕೆ ಹೊರಟಿದ್ಲು ಕಣೇ. ವ್ಯಾನಲ್ಲಿ ಕೂರು ಅಂತ ಕೈಸನ್ನೆ ಮಾಡಿದ್ಲು, ಕೂತೆ. ಹೋಟೆಲಿನ ಅಡುಗೆಮನೆ ಹಿಂಬಾಗಿಲು ತೆಗ್ದೇ ಇತ್ತು, ಒಳಗಿಂದ ಹೀಗೇ ಬಂದೆ!"

"ಅಜ್ಜಿ ಇನ್ವೇಡೆಡ್ ದ ಫೋರ್ಟ್!" ಎಂದು ಮಗಳು ಕುಣಿದಳು. ಗೈಡು ಹೊಟ್ಟೆ ಹಿಡಿದು ನಕ್ಕು, ಟೋಪಿ ತೆಗೆದು ಅತ್ತೆಗೆ ತಲೆಬಾಗಿದ.

ಈಗ ಅತ್ತೆಯ ಜೊತೆ ಸೆಲ್ಫಿಗೆ ಕ್ಯೂ. ಟಿಕೆಟ್ ಕೊಂಡು, ಏದುಸಿರು ಬಿಡುತ್ತಾ ಹತ್ತಿದ ನಮ್ಮನ್ನು ಕೇಳುವವರೇ ಇಲ್ಲ.