ಕೆನೆ ತೆಗೆದ ಹಾಲು ಮತ್ತು ಪಲ್ಲವಿ

ಡಾಕ್ಟರು ಹೇಳಿದ್ದು ನನಗೊಬ್ಬನಿಗೋ, ಇಡೀ ಮನೆಗೋ? ಈಗ ಖಚಿತವಾಗಿ ಹೇಳಲಾರೆ. ನನ್ನ ನೆನಪಿನಲ್ಲಿ ಅವರು ರಿಪೋರ್ಟನ್ನು ಮಡಚುತ್ತಾ, "ಮನೇಲಿ ತುಪ್ಪ, ಬೆಣ್ಣೆ ಎಲ್ಲ ನಿಲ್ಲಿಸಿ" ಎಂದಿದ್ದಾರೆ. ಪಕ್ಕದಲ್ಲೇ ಕುಳಿತಿದ್ದ ಹೆಂಡತಿ ಗಿರಿಜಾ, "ನೀವು ನಿಲ್ಲಿಸಿ ಅಂದ್ರು, ಅಷ್ಟೇ" ಎನ್ನುತ್ತಾಳೆ. ಎಂಟು ವರ್ಷಗಳಲ್ಲಿ ಆ ಮಾತನ್ನು ನನಗೆ ಅನುಕೂಲವಾಗುವಂತೆ ನಾನೇ ತಿದ್ದಿಕೊಂಡಿರಬಹುದು.

ಅದು 1996. ಅಪ್ಪ ಹೃದಯಾಘಾತದಿಂದ ತೀರಿಕೊಂಡು ವರ್ಷವಾಗಿತ್ತು. ಮೂವತ್ತೈದರ ನನಗೆ ಕೊಲೆಸ್ಟರಾಲ್ ಹೆಚ್ಚಿದೆ ಎಂದು ಗೊತ್ತಾಯಿತು. ಭಯವಾಯಿತು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು ನಾನು. ಭಯವನ್ನು ವಿಧಾನವನ್ನಾಗಿ ಮಾಡಿಕೊಳ್ಳುವುದು ನಮ್ಮಂಥವರಿಗೆ ಸುಲಭ.

ಜಯಲಕ್ಷ್ಮಿಪುರಂನ ನಮ್ಮ ಬಾಡಿಗೆ ಮನೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಹಾಲಿನ ಪಾತ್ರೆ. ಕಾಯಿಸುವುದು, ಆರಿಸುವುದು, ಕೆನೆ ತೆಗೆಯುವುದು, ಮತ್ತೆ ಕಾಯಿಸುವುದು. ಹೀಗೆ ಮೂರು ಸಲ, ನನ್ನ ಕೈಯಿಂದಲೇ. ಅಂಚಿನಲ್ಲಿ ನೀಲಿಯಾಗಿ ಕಾಣುತ್ತಿದ್ದ ಆ ಹಾಲೇ ನನಗೆ, ಗಿರಿಜಾಗೆ, ಹತ್ತು ತಿಂಗಳ ಮಗಳು ಪಲ್ಲವಿಗೆ. ಟೈಫಾಯಿಡ್ ಬಂದ ಮೇಲೆ ಗಿರಿಜಾಳ ಎದೆಹಾಲು ನಿಂತುಹೋಗಿತ್ತು. ಮಗುವಿನ ರಾಗಿಸರಿಗೆ ಬೀಳುತ್ತಿದ್ದ ಒಂದು ಚಮಚ ತುಪ್ಪವನ್ನೂ ನಿಲ್ಲಿಸಿಬಿಟ್ಟೆ. ಹೃದಯವನ್ನು ಚಿಕ್ಕಂದಿನಿಂದಲೇ ಕಾಯೋಣ ಎಂದೆ.

ಕೃಷ್ಣಮೂರ್ತಿಪುರಂನಲ್ಲಿ ಅಣ್ಣನ ಜೊತೆಗಿದ್ದ ಅವ್ವ ಒಂದು ಭಾನುವಾರ ಬಂದವಳು ಮಗುವಿನ ಲೋಟ ಎತ್ತಿ ನೋಡಿದಳು.

"ಇದೇನೋ, ಪಾತ್ರೆ ತೊಳೆದ ನೀರಾ?"

"ಹಾಲು ಕಣವ್ವ. ಕೆನೆ ತೆಗ್ದಿರೋದು."

"ತೆಗ್ದು ಯಾರಿಗೆ ಕೊಟ್ಬುಟ್ಟೆ, ಬೆಕ್ಕಿಗಾ? ತುಪ್ಪ ಇಲ್ದೆ ಮಗೀಗೆ ಬುದ್ಧಿ ಎಂಗೋ ಬರುತ್ತೆ?"

"ತುಪ್ಪ ತಿಂದು ಬುದ್ಧಿ ಬರೋ ಹಾಗಿದ್ರೆ ಅಣ್ಣ ಇಷ್ಟೊತ್ತಿಗೆ ವೈಸ್ ಚಾನ್ಸಲರ್ ಆಗ್ಬೇಕಿತ್ತು."

ಅವ್ವ ನಕ್ಕಳು. ಆಮೇಲೆ ಮಗುವಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಗಿರಿಜಾ ಮಾತ್ರ ನಗಲೇ ಇಲ್ಲ.

ಹದಿಮೂರನೇ ತಿಂಗಳಿನ ಹೊತ್ತಿಗೆ ಪಲ್ಲವಿ ಸಿಡುಕತೊಡಗಿದಳು. ಚರ್ಮ ಒಣಗಿತು. ಕಿಟಕಿಯ ಕಂಬಿ ಹಿಡಿದು ನಿಂತು ಕಾಗೆಯನ್ನು "ಕಾ, ಕಾ" ಎಂದು ಕರೆಯುತ್ತಿದ್ದವಳು ಕರೆಯುವುದನ್ನು ಬಿಟ್ಟಳು. ಹಲ್ಲು ಬರುತ್ತಿದೆ ಎಂದೆ. ಸೆಕೆ ಎಂದೆ. ನನ್ನಲ್ಲಿ ವಿವರಣೆಗಳಿಗೆ ಬರವಿರಲಿಲ್ಲ.

ಹದಿನೈದನೇ ತಿಂಗಳ ಚುಚ್ಚುಮದ್ದಿಗೆಂದು ಮಕ್ಕಳ ಡಾಕ್ಟರ ಬಳಿ ಹೋದೆವು. ತಕ್ಕಡಿಯ ಮೇಲೆ ಕೂರಿಸಿದರು. ಒಂಬತ್ತನೇ ತಿಂಗಳಲ್ಲಿ ದಡಾರದ ಚುಚ್ಚುಮದ್ದು ಹಾಕಿಸಿದ ದಿನದ ತೂಕವನ್ನು ಹುಡುಕಿದರು.

ಆರು ತಿಂಗಳಲ್ಲಿ ತೂಕ ಏರಿಯೇ ಇರಲಿಲ್ಲ.

ಏನೇನು ತಿನ್ನಿಸುತ್ತೀರಿ ಎಂದು ಆಕೆ ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ ಎಂದು ಕಾಣುತ್ತದೆ. ಅವರು ಪೆನ್ನು ಕೆಳಗಿಟ್ಟರು.

"ಕೊಲೆಸ್ಟರಾಲ್ ಯಾರಿಗ್ರೀ ಇರೋದು? ನಿಮಗಾ, ಮಗೂಗಾ?"

"ನನಗೆ."

"ಮತ್ತೆ ಪಥ್ಯ ನೀವು ಮಾಡಿ. ಮಿದುಳು ಬೆಳೆಯೋ ಕಾಲ ಕಣ್ರೀ ಇದು. ಎರಡು ವರ್ಷದವರೆಗೆ ಮಕ್ಕಳಿಗೆ ಕೊಬ್ಬು ಬೇಕೇ ಬೇಕು. ಓದಿದೋರ ಮನೇಲೇ ಈ ಥರ ಆಗೋದು."

"ಮಿದುಳಿಗೇನಾದ್ರೂ..." ಎಂದಳು ಗಿರಿಜಾ.

ಡಾಕ್ಟರು ತಲೆಯ ಸುತ್ತ ಟೇಪ್ ಹಿಡಿದು ಏನನ್ನೋ ಬರೆದುಕೊಂಡರು. "ತಲೆ ಬೆಳೀತಿದೆ" ಎಂದರು ಎಂದು ನನ್ನ ನೆನಪು. ಗಿರಿಜಾಗೆ ನೆನಪಿರುವುದು, "ಈಗ್ಲೇ ಏನೂ ಹೇಳಕ್ಕಾಗಲ್ಲ, ಮೊದ್ಲು ತಿನ್ಸಿ" ಎಂಬುದು ಮಾತ್ರ.

ತಿನ್ನಿಸಿದೆವು. ಮಗುವಿನ ಹಾಲಿಗೆ ಬೇರೆ ಪಾತ್ರೆ ಬಂತು. ಕೆನೆ ಅದರಲ್ಲೇ ಉಳಿಯಿತು. ಸರಿಗೆ ತುಪ್ಪ, ಅನ್ನಕ್ಕೆ ಬೆಣ್ಣೆ. ಎರಡು ತಿಂಗಳಲ್ಲಿ ತೂಕ ಏರತೊಡಗಿತು. ಮಾತು ಮಾತ್ರ ಬರಲಿಲ್ಲ. ಅವಳೆದುರು ಮಂಡಿಯೂರಿ "ಅಪ್ಪ, ಅಪ್ಪ" ಎಂದು ಹೇಳಿಕೊಡುತ್ತಿದ್ದೆ. ಅವಳು ನನ್ನ ತುಟಿಯನ್ನು ಮುಟ್ಟಿ ನೋಡುತ್ತಿದ್ದಳು. ಅಷ್ಟೇ. ಆ ಒಂದು ಶಬ್ದಕ್ಕಾಗಿ ಕಾದಷ್ಟು ನಾನು ಬದುಕಿನಲ್ಲಿ ಯಾವುದಕ್ಕೂ ಕಾದಿಲ್ಲ. ಕೊನೆಗೆ, ಎರಡು ವರ್ಷ ತುಂಬುವ ಮುನ್ನ, ಅವಳು ಆಡಿದ ಮೊದಲ ಸ್ಪಷ್ಟ ಮಾತು "ಬೇಡ". ತುಪ್ಪದನ್ನದ ತುತ್ತನ್ನು ತಳ್ಳುತ್ತಾ ಹೇಳಿದಳು. ಗಿರಿಜಾ ತುತ್ತು ಹಿಡಿದುಕೊಂಡೇ ಅತ್ತಳು.

ಈಗ ಅವಳಿಗೆ ಒಂಬತ್ತು. ಬಾಯಿ ಮುಚ್ಚುವುದಿಲ್ಲ. ಆದರೂ ಮಗ್ಗಿ ತಪ್ಪಿದಾಗ, ಓದುತ್ತಾ ಒಂದು ಸಾಲು ಹಾರಿಸಿದಾಗ, ಕೈಲಿದ್ದ ಕೆಲಸ ಬಿಟ್ಟು ಅವಳನ್ನೇ ನೋಡುತ್ತೇನೆ. ಎಲ್ಲ ಮಕ್ಕಳೂ ತಪ್ಪುತ್ತಾರೆ. ಇವಳು ಎಲ್ಲ ಮಕ್ಕಳಂತೆ ತಪ್ಪಿದಳೋ, ನನ್ನಿಂದಾಗಿ ತಪ್ಪಿದಳೋ? ಪ್ರಯೋಗಾಲಯದಲ್ಲಾದರೆ ಹೋಲಿಸಿ ನೋಡಲು ಇನ್ನೊಂದು ಮಾದರಿ ಇಟ್ಟುಕೊಳ್ಳುತ್ತೇವೆ. ಇಲ್ಲಿ, ಮೊದಲಿನಿಂದ ಕೆನೆಹಾಲು ಕುಡಿದು ಬೆಳೆದ ಇನ್ನೊಬ್ಬ ಪಲ್ಲವಿ ಇಲ್ಲ. ಎದುರಿಗೆ ಇವಳು ಕುಣಿಯುತ್ತಿರುವಾಗಲೂ ಆ ಇನ್ನೊಬ್ಬಳನ್ನು ಒಮ್ಮೆ ಕಾಣಬೇಕೆಂದು ಮನಸ್ಸು ಹಂಬಲಿಸುತ್ತದೆ. ಕಿಟಕಿಯಲ್ಲಿ ನಿಂತು ಕಾಗೆ ಕರೆಯದೆ ಹೋದ ಆ ತಿಂಗಳುಗಳನ್ನು ವಾಪಸ್ ಕೇಳಬೇಕೆನಿಸುತ್ತದೆ. ಯಾರನ್ನು ಕೇಳುವುದು?

ಅವ್ವನ ಕ್ಷಮೆ ಕೇಳಿದ್ದೇನೆ. "ಓಗ್ಲಿ ಬುಡು, ಮಗು ತಿಂತಾ ಅದಲ್ಲ" ಎಂದಳು. ನನಗೆ ಅಷ್ಟು ಸುಲಭವಾಗಿ ಬಿಡಲಾಗಲಿಲ್ಲ.

ಕಳೆದ ತಿಂಗಳು ಅದೇ ಮಕ್ಕಳ ಡಾಕ್ಟರ ಬಳಿ ಹೋಗಿ ಹಳೆಯ ದಾಖಲೆ ತೋರಿಸಲು ಕೇಳಿಕೊಂಡೆ. "ಇನ್ನೂ ಅನುಮಾನಾನಾ ನಿಮಗೆ?" ಎಂದು ನಗುತ್ತಲೇ ರಿಜಿಸ್ಟರ್ ತೆಗೆಸಿಕೊಟ್ಟರು. ಒಂಬತ್ತನೇ ಮತ್ತು ಹದಿನೈದನೇ ತಿಂಗಳ ಅಂಕಿಗಳನ್ನು ಬರೆದುಕೊಂಡು, ಲೈಬ್ರರಿಯಲ್ಲಿ ಮಕ್ಕಳ ಬೆಳವಣಿಗೆಯ ಕೋಷ್ಟಕದ ಪಕ್ಕದಲ್ಲಿಟ್ಟು ಎರಡು ಸಲ ನೋಡಿದೆ. ಇದರಿಂದ ಅವಳ ಬುದ್ಧಿಯ ಬಗ್ಗೆ ಏನೂ ಸಾಬೀತಾಗುವುದಿಲ್ಲ ಎಂಬುದು ನನಗೆ ಗೊತ್ತು. ಆದರೆ ತೂಕ ನಿಂತೇ ಹೋಗಿದ್ದ ಆ ಆರು ತಿಂಗಳಲ್ಲೂ ಪಲ್ಲವಿಯ ತಲೆಯ ಸುತ್ತಳತೆ ಆ ವಯಸ್ಸಿಗೆ ಎಷ್ಟು ಬೆಳೆಯಬೇಕೋ ಅಷ್ಟು ಬೆಳೆದಿತ್ತು.