ಎರಡು ಚುಚ್ಚಿನ ಹುಡುಗಿ

ಇವತ್ತು ಬೆಳಿಗ್ಗೆ ವಾರ್ಡಿನಲ್ಲಿ ಹೊಸ ರಬ್ಬರ್ ಪಟ್ಟಿಗಳ ಪೊಟ್ಟಣ ಬಿಚ್ಚಿದೆ. ರಕ್ತನಾಳ ಉಬ್ಬಿ ಕಾಣಲೆಂದು ರೋಗಿಯ ತೋಳಿಗೆ ಬಿಗಿಯುತ್ತೇವಲ್ಲ, ಆ ಪಟ್ಟಿ. ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬೆನ್ನು ತಾನಾಗಿ ಸೆಟೆದುಕೊಂಡಿತು. ತೀರ್ಥಹಳ್ಳಿಗೆ ಬಂದು ಮೂರು ವರ್ಷವಾದರೂ ಸಾಗರದ ಮೊದಲ ಕೆಲಸ ಇನ್ನೂ ಮೈಯಿಂದ ಇಳಿದಿಲ್ಲ.

ನನಗೆ ಎಣಿಸುವ ಚಟ. ಹೊಸನಗರದ ಬಸ್ಸು ಎಷ್ಟು ದಿನ ತಡವಾಯಿತು, ವರ್ಷಕ್ಕೆ ಎಷ್ಟು ಕೊಡೆ ಕಳೆದೆ, ಎಲ್ಲಕ್ಕೂ ದಿನಚರಿಯಲ್ಲಿ ತಾರೀಖಿನ ಎದುರು ಗೀಟು. ಕೊಡೆಯ ಪುಟವನ್ನು ನಿಮಗೆ ತೋರಿಸುವ ಹಾಗಿಲ್ಲ. ನರ್ಸ್ ಆದ ಮೇಲೆ ಇನ್ನೊಂದು ಪುಟ ಸೇರಿತು: ಎಷ್ಟು ಜನರಿಗೆ ಡ್ರಿಪ್ಪಿನ ಸೂಜಿ ಹಾಕಿದೆ, ಎಷ್ಟು ಸಲ ಮೊದಲ ಚುಚ್ಚಿಗೆ ಸಿಕ್ಕಿತು, ಎಷ್ಟು ಸಲ ತಪ್ಪಿತು, ರೋಗಿಯ ವಯಸ್ಸೆಷ್ಟು, ಆಗ ಜೊತೆಗೆ ಯಾರಿದ್ದರು.

ಸಾಗರದ ಆ ವಾರ್ಡಿನ ಹಿರಿಯ ನರ್ಸ್ ವಿಮಲಾ ಸಿಸ್ಟರ್. ಅವರ ಕೈ ಬಹಳ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ಆದರೆ ನಾಳ ಸಿಗದ ಮುದುಕರು, ಕೈಕಾಲು ಬಡಿಯುವ ಮಕ್ಕಳು ಬಂದರೆ ನನ್ನನ್ನೇ ಕರೆದು, ಹಿಂದೆ ಬಂದು ಸುಮ್ಮನೆ ನಿಲ್ಲುತ್ತಿದ್ದರು. ಸೂಜಿ ತಪ್ಪಿದ ಮೇಲೆ ರೋಗಿಯ ಮನೆಯವರ ಕಡೆ ತಿರುಗಿ, "ಇವ್ಳು ನಮ್ಮ ಎರಡ್ ಚುಚ್ಚು. ಒಂದ್ರಲ್ಲಿ ಮುಗ್ಸಿದ್ರೆ ಇವ್ಳಿಗೆ ಊಟ ಸೇರಲ್ಲ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ತಿಂಗಳೊಳಗೆ ಆ ಹೆಸರು ಔಷಧಿ ಕೌಂಟರಿನವರೆಗೂ ಹೋಯಿತು. ಪಾಳಿ ಬದಲಾಗುವಾಗ ವಿಮಲಾ ಸಿಸ್ಟರ್ ರೋಗಿಗಳ ವಿವರವನ್ನು ಉಳಿದವರಿಗೆ ಮಾತ್ರ ಹೇಳಿ ಹೋಗುತ್ತಿದ್ದರು. ನಾನು ಕೇಸ್ ಶೀಟ್ ಓದಿಕೊಂಡು ತಿಳಿಯಬೇಕಿತ್ತು. ಒಮ್ಮೆ ಧೈರ್ಯ ಮಾಡಿ ಯಾಕೆಂದು ಕೇಳಿದೆ. ಅವರು ಸಿಟ್ಟಾಗಲಿಲ್ಲ.

"ನಮ್ಗೂ ಹಿಂಗೇ ಕಲ್ಸಿದ್ದು ಕಣೇ. ನಾವೇನ್ ಸತ್ತೋದ್ವಾ?"

ಒಂದು ದಿನ ತುಮರಿ ಕಡೆಯ ಅಜ್ಜಿಯೊಬ್ಬರಿಗೆ ಸೂಜಿ ಹಾಕುವಾಗ ಮೂರು ಸಲ ತಪ್ಪಿತು. ತೋಳು ನೀಲಿಗಟ್ಟಿತು. ಹಿಂದೆ ವಿಮಲಾ ಸಿಸ್ಟರ್ ನಿಂತೇ ಇದ್ದರು. ಅಜ್ಜಿ ನನ್ನ ಮುಖ ನೋಡಿ, "ನಂಗೇನ್ ನೋವಾಗ್ಲಿಲ್ಲ ಮಗಾ, ಇನ್ನೊಂದ್ಸಲ ನೋಡು" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ರಾಜೀನಾಮೆ ಬರೆಯತೊಡಗಿದೆ. ಈ ಕೈ ನರ್ಸಿನ ಕೈಯಲ್ಲ ಎಂದು ತೀರ್ಮಾನಿಸಿಯಾಗಿತ್ತು.

ಕಾರಣ ಬರೆಯುವ ಜಾಗದಲ್ಲಿ ತಪ್ಪಿದ ಸಂಖ್ಯೆಯನ್ನೇ ಕೊಡೋಣವೆಂದು ಗೀಟು ಕೂಡಲು ಕುಳಿತೆ. ಬೇರೆ ಯಾರು ಹಾಗೆ ಮಾಡುತ್ತಾರೋ ತಿಳಿಯದು. ವಿಮಲಾ ಸಿಸ್ಟರ್ ಹಿಂದೆ ನಿಂತಾಗ ಇಪ್ಪತ್ತೊಂದರಲ್ಲಿ ಹದಿಮೂರು ತಪ್ಪಿತ್ತು. ಅವರಿಲ್ಲದಾಗ ಅರವತ್ತನಾಲ್ಕರಲ್ಲಿ ಐದು. ಅವರು ಕಷ್ಟದ ರೋಗಿಗಳನ್ನೇ ಕೊಡುತ್ತಿದ್ದರಲ್ಲ ಎಂದು ಮುದುಕರನ್ನೂ ಮಕ್ಕಳನ್ನೂ ಬಿಟ್ಟು ಮತ್ತೆ ಕೂಡಿದೆ. ಆಗಲೂ ಲೆಕ್ಕ ಅದೇ ಕಡೆ ವಾಲಿತು.

ರಾಜೀನಾಮೆಯ ಬದಲು ಆ ಪುಟವನ್ನು ನರ್ಸಿಂಗ್ ಮೇಲ್ವಿಚಾರಕರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ಓದಿ, "ನಿನ್ ತಪ್ಪನ್ನೂ ಬರ್ಕೊಂಡಿದೀಯಲ್ಲ, ಅದ್ಕೇ ನಂಬ್ತೀನಿ" ಎಂದರು. ಮರುವಾರ ನನ್ನನ್ನು ಬೇರೆ ವಾರ್ಡಿಗೆ ಹಾಕಿದರು. ವಿಮಲಾ ಸಿಸ್ಟರಿಗೆ ಯಾರೂ ಏನೂ ಅಂದಂತಿಲ್ಲ. ಅಡ್ಡಹೆಸರು ಹೊಸ ವಾರ್ಡಿಗೂ ಬಂತು, ಆದರೆ ನನ್ನ ಪುಟದಲ್ಲಿ ತಪ್ಪಿನ ಗೀಟುಗಳು ಕಡಿಮೆಯಾದವು.

ಇಲ್ಲಿ ತೀರ್ಥಹಳ್ಳಿಯ ನಮ್ಮ ವಾರ್ಡಿಗೆ ಹೋದ ವಾರ ಹೊಸ ಹುಡುಗಿ ಸೇರಿದ್ದಾಳೆ. ಇವತ್ತು ಅವಳು ಒಬ್ಬರಿಗೆ ಸೂಜಿ ಹಾಕುವಾಗ ನಾನು ಹೋಗಿ ಹಿಂದೆ ನಿಂತೆ. ಅವಳ ಭುಜ ಬಿಗಿಯಿತು. ಏನಾಯಿತೆಂದು ಕೇಳಿದೆ.

"ನೀವ್ ಹಿಂದೆ ನಿಂತ್ರೆ ಕೈ ನಡುಗ್ತದೆ ಸಿಸ್ಟರ್."

ಸಹಾಯಕ್ಕೆ ನಿಂತಿದ್ದೇನೆಂದೇ ನಾನು ಅಂದುಕೊಂಡಿದ್ದೆ. ವಿಮಲಾ ಸಿಸ್ಟರೂ ಹಾಗೆಯೇ ಅಂದುಕೊಂಡಿದ್ದರೋ ಏನೋ. ಮಂಚದ ಆಚೆ ಬದಿಗೆ ಹೋಗಿ, ರೋಗಿಯ ಇನ್ನೊಂದು ಕೈ ಹಿಡಿದು ಊರು ಯಾವುದೆಂದು ಕೇಳುತ್ತ ಕುಳಿತೆ. ಸ್ವಲ್ಪ ಹೊತ್ತಿಗೆ ಅವಳು ತಲೆ ಎತ್ತದೆಯೇ, "ಸಿಸ್ಟರ್, ಸಿಕ್ತು. ಅಂಟ್ಸೋಕೆ ಪ್ಲಾಸ್ಟರ್ ಹರ್ದು ಕೊಡಿ" ಎಂದಳು. ಹರಿದು ಕೊಟ್ಟೆ.