ಮುಂದಿನ ಪರೀಕ್ಷೆಯ ತಾರೀಖು

ತಕ್ಕಡಿಯಣ್ಣನ ಚೀಲದಲ್ಲಿ ಒಂದು ದಪ್ಪ ಹಗ್ಗವನ್ನೂ ಒಂದು ಮಗುವಿನ ಉಣ್ಣೆ ಟೋಪಿಯನ್ನೂ ಕಂಡ ದಿನ, ಆಫೀಸಿನ ಹೊಸಬ ಅವೆರಡನ್ನೂ ಕೂಡಿಸಿ ಒಂದು ಸಂಸಾರವನ್ನೇ ಕಟ್ಟಿಬಿಟ್ಟ. ಬೆಟ್ಟದೂರಿನಲ್ಲಿ ಅಣ್ಣನಿಗೆ ಗುಟ್ಟಿನ ಎರಡನೇ ಮನೆಯಿದೆ, ಟೋಪಿ ಅಲ್ಲಿಯ ಮಗುವಿಗೆ, ಹಗ್ಗ ಆ ಮನೆಯ ಬಟ್ಟೆ ಒಣಹಾಕಲಿಕ್ಕೆ. ಸ್ವಂತಕ್ಕೆ ಮದುವೆ ಹೋಗಲಿ, ಇಸ್ತ್ರಿ ಮಾಡಿದ ಎರಡನೇ ಅಂಗಿಯೂ ಇಲ್ಲದವನಿಗೆ ಪರರ ಸಂಸಾರ ಕಟ್ಟುವುದರಲ್ಲಿ ಮಾತ್ರ ಎತ್ತಿದ ಕೈ.

ಅಣ್ಣನ ಕೆಲಸ ಊರೂರು ಸುತ್ತಿ ತೂಕದ ಯಂತ್ರಗಳನ್ನು ಪರೀಕ್ಷಿಸುವುದು. ಆಸ್ಪತ್ರೆಯಾಗಲಿ ಗೋದಾಮಾಗಲಿ, ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆ ಹೊತ್ತು ಹೋಗಬೇಕು. ಒಂದೊಂದೇ ಬಟ್ಟು ಇಟ್ಟು ಯಂತ್ರ ನಿಜ ಹೇಳುತ್ತದೋ ಇಲ್ಲವೋ ನೋಡಬೇಕು. ಆಮೇಲೆ ಮುಂದಿನ ಪರೀಕ್ಷೆಯ ತಾರೀಖು ಬರೆದ ಚೀಟಿ ಅಂಟಿಸಿ ಬರಬೇಕು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿ ಅವರ ಕೈಯೇ ತಕ್ಕಡಿಯಾಗಿತ್ತು. ಯಾರ ಚೀಲ ಎತ್ತಿದರೂ ಇಷ್ಟು ಕೆಜಿ ಎಂದು ಹೇಳಿಬಿಡುತ್ತಿದ್ದರು.

ಅನುಮಾನ ಇದ್ದದ್ದು ಹೊಸಬನೊಬ್ಬನಿಗೇ ಅಲ್ಲ. ಮ್ಯಾನೇಜರು ಒಂದು ಮಧ್ಯಾಹ್ನ ಅವನನ್ನು ಕರೆದು ಬಾಗಿಲು ಮುಂದೆ ಮಾಡಿದರು.

"ನಿನ್ನ ಕೆಲಸ ಖಾಯಂ ಆಗ್ಬೇಕಲ್ಲಪ್ಪ? ಈ ಸಲ ಬೆಟ್ಟದೂರಿಗೆ ಅವರ ಜೊತೆ ಹೋಗು. ಮನುಷ್ಯ ಕೆಲಸಕ್ಕೆ ಹೋಗ್ತಾನೋ ಮಜಾ ಮಾಡೋಕೆ ಹೋಗ್ತಾನೋ ನೋಡ್ಕೊಂಡು ಬಂದು ಬರೆದುಕೊಡು. ಹೆಚ್ಚುಕಮ್ಮಿ ಕಂಡ್ರೆ ನಾಳೆಯಿಂದ ಅವರಿಗೆ ಊರು ಸುತ್ತೋದು ಬಂದ್, ಆಫೀಸಿನ ಕುರ್ಚೀನೇ ಗತಿ."

ಬಸ್ಸಿನಲ್ಲಿ ಅಣ್ಣ ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟರು. ಅದಕ್ಕೂ ಹೊಸಬ ಅನುಮಾನಪಟ್ಟ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಇಳಿದುಕೊಂಡದ್ದು ಒಂದು ಬೇಕರಿಯ ಮೇಲಿನ ಮನೆಯಲ್ಲಿ. ಒಳಗಿನಿಂದ ಬಂದ ಹೆಂಗಸು "ಬನ್ನಿ ಅಣ್ಣಾ" ಅಂದಾಗಲೇ ಹೊಸಬ ಕಟ್ಟಿದ್ದ ಸಂಸಾರದ ಒಂದು ಗೋಡೆ ಬಿತ್ತು. ಹಿಂದೆಯೇ ಕೈಗೆಲ್ಲ ಹಿಟ್ಟು ಮೆತ್ತಿಕೊಂಡು ಬೇಕರಿಯವನು ಬಂದ. ಅಣ್ಣನ ಶಾಲೆಯ ಗೆಳೆಯ. ಅವನ ಮೊಂಡು ಮೂಗನ್ನೇ ಹೆಂಗಸಿನ ಕಂಕುಳಲ್ಲಿದ್ದ ಮಗು ಮುಖದ ಮೇಲೆ ಇಟ್ಟುಕೊಂಡಿತ್ತು. ಉಳಿದ ಮೂರು ಗೋಡೆಯೂ ಬಿದ್ದವು.

ಅಣ್ಣ ಮಗುವನ್ನು ಎತ್ತಿ, ಟೋಪಿ ತೊಡಿಸಿ, "ಒಂಬತ್ತು ಕೆಜಿ ಇನ್ನೂರು ಗ್ರಾಂ" ಅಂದರು.

"ಟೋಪಿ ಸೇರಿಸಿಯೋ?" ಎಂದ ಬೇಕರಿಯವನು.

"ನಿನ್ನ ಮೂಗು ಸೇರಿಸಿ ಕಣೋ."

ಮಾರನೆಯ ದಿನ ಆಸ್ಪತ್ರೆಯ ತೂಕದ ಯಂತ್ರದ ಮಗ್ಗುಲಲ್ಲಿ ಹೊಸಬನಿಗೆ ನಿಜವಾದ ಸುಳಿವು ಸಿಕ್ಕಿತು. ಹಳೆಯ ಚೀಟಿಗಳನ್ನು ಯಾರೂ ಕಿತ್ತಿರಲಿಲ್ಲ. ಒಂದು ವರ್ಷದ್ದು ಮೇ, ಅದರ ಮುಂದಿನದು ಏಪ್ರಿಲ್, ಆಮೇಲೆ ಮಾರ್ಚ್, ಫೆಬ್ರವರಿ, ಜನವರಿ. ಜನವರಿಗೆ ಬಂದ ಮೇಲೆ ತಾರೀಖು ಅಲ್ಲೇ ಕೂತಿತ್ತು. ಗೋದಾಮಿನಲ್ಲೂ ಇದೇ ಕತೆ. ವರ್ಷ ತುಂಬುವುದರೊಳಗೆ ಯಾವ ದಿನವಾದರೂ ಬರೆಯಬಹುದು, ಅದು ಪರೀಕ್ಷಿಸುವವನ ಇಷ್ಟ. ಅಣ್ಣ ವರ್ಷಕ್ಕೊಂದು ತಿಂಗಳು ಹಿಂದಕ್ಕೆ ಎಳೆದೆಳೆದು ಬೆಟ್ಟದೂರಿನ ಯಂತ್ರಗಳನ್ನೆಲ್ಲ ಆಕಾಶ ತಿಳಿಯಾಗಿರುವ ಚಳಿಗಾಲಕ್ಕೆ ತಂದು ನಿಲ್ಲಿಸಿದ್ದರು. ಬಯಲಿನ ಊರುಗಳಿಗೆಲ್ಲ ಯಾಕೆ ಮಳೆಯಲ್ಲೇ ಹೋಗುತ್ತಾರೆ ಎಂಬುದೂ ಈಗ ಅರ್ಥವಾಯಿತು.

ಹೊಸಬ ಗೋದಾಮಿನ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಇಷ್ಟನ್ನೂ ಬರೆದು ಜೇಬಿಗೆ ಹಾಕಿಕೊಂಡ. ಹೊರಗೆ ಅಣ್ಣ ಐದು ಕೆಜಿಯ ಬಟ್ಟನ್ನು ನಾಲ್ಕನೆಯ ಸಲ ಇಟ್ಟು ನೋಡುತ್ತಿದ್ದರು. ಕೂದಲೆಳೆಯಷ್ಟು ವ್ಯತ್ಯಾಸ ಬಂದಿತ್ತು, ಅದಕ್ಕೆ.

ಭಾನುವಾರ ರಜೆ. ಬೆಳಿಗ್ಗೆ ಬೇಕರಿಯವನೂ ಸೇರಿ ಮೂವರು ಬೆಟ್ಟ ಹತ್ತಿದರು. ಬಂಡೆಯ ಬುಡದಲ್ಲಿ ಅಣ್ಣ ಹಗ್ಗದ ಒಂದು ತುದಿಯನ್ನು ತಮ್ಮ ಸೊಂಟಕ್ಕೂ ಇನ್ನೊಂದನ್ನು ಹೊಸಬನ ಸೊಂಟಕ್ಕೂ ಬಿಗಿದು, ಮೂರು ಸಲ ಜಗ್ಗಿ ನೋಡಿದರು. ಯಾರ ಅನ್ನಕ್ಕೆ ಕಲ್ಲು ಹಾಕಲು ಬಂದಿದ್ದನೋ ಅವರ ಹಗ್ಗಕ್ಕೇ ಜೋತುಬೀಳುವ ಗತಿ ಹೊಸಬನದು. ಅರ್ಧ ದಾರಿಯಲ್ಲಿ ಅವನ ಕಾಲು ಜಾರಿತು. ಹಗ್ಗ ಬಿಗಿಯಾಯಿತು. ಮೇಲೆ ಬಂಡೆಗೆ ಕಾಲು ಕೊಟ್ಟು ನಿಂತ ಅಣ್ಣ ಹಗ್ಗವನ್ನು ಕೈಯಲ್ಲೇ ತೂಗಿ ನೋಡಿ, "ಅರವತ್ತೊಂದು ಕೆಜಿ" ಅಂದರು. "ಜೇಬಿನ ಕಾಗದ ಬೇರೆ."

"ಯಾವ ಕಾಗದ?" ಎಂದು ಹೊಸಬ ನೇತಾಡುತ್ತಲೇ ಜೇಬು ಮುಟ್ಟಿ ನೋಡಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ.

"ಭದ್ರವಾಗಿ ಇಟ್ಕೋ ಮಾರಾಯ. ಬಿದ್ರೆ ಮತ್ತೆ ಬರೀಬೇಕಾಗುತ್ತೆ."

ಸೋಮವಾರ ಮ್ಯಾನೇಜರು ಇಬ್ಬರನ್ನೂ ಒಟ್ಟಿಗೆ ಕರೆದು ಹೊಸಬನತ್ತ ಕೈ ಚಾಚಿದರು. "ಎಲ್ಲಪ್ಪಾ, ಬರೆದದ್ದು?"

ಕಾಗದ ಜೇಬಿನಲ್ಲೇ ಇತ್ತು, ಕೆಲಸ ಖಾಯಂ ಆಗುವುದೂ ಅದರಲ್ಲೇ ಇತ್ತು. ಹೊಸಬನ ಸೊಂಟದಲ್ಲಿ ಹಗ್ಗದ ಬರೆ ಇನ್ನೂ ಉರಿಯುತ್ತಿತ್ತು.

"ಯಂತ್ರ ಎಲ್ಲ ಸರಿಯಾಗಿವೆ ಸಾರ್" ಎಂದ.

"ನಾನು ಯಂತ್ರದ ವಿಷಯ ಕೇಳಿದ್ನಾ?" ಮ್ಯಾನೇಜರು ಕುರ್ಚಿ ತಿರುಗಿಸಿದರು. "ಸರಿ, ನೀವೇ ಹೇಳಿಬಿಡ್ರೀ. ನೀವು ಆ ಊರಿಗೆ ಹೋಗೋದು ಕೆಲಸಕ್ಕೋ, ಗೆಳೆಯನ್ನ ನೋಡೋಕೋ, ಬೆಟ್ಟ ಹತ್ತೋಕೋ?"

"ಬೆಟ್ಟಕ್ಕೇ ಸಾರ್" ಎಂದರು ತಕ್ಕಡಿಯಣ್ಣ. "ನಾನು ಚೀಟಿ ಅಂಟಿಸಿದ ಯಂತ್ರ ಒಂದು ಗ್ರಾಂ ಸುಳ್ಳು ಹೇಳಿದ ದಿನ ಹೇಳಿ, ಕುರ್ಚೀಲಿ ಕೂರ್ತೀನಿ."